ಡಬ್ಬಿಯಲ್ಲಿರುವುದನ್ನೇ ಪರೀಕ್ಷಿಸಿ

ಗ್ಲೈಫೋಸೇಟ್ ಎಂಬ ಕಳೆನಾಶಕ ಕ್ಯಾನ್ಸರ್ ತರುತ್ತದೆಯೇ ಎಂಬ ಪ್ರಶ್ನೆಗೆ 2015ರಲ್ಲಿ ಎರಡು ದೊಡ್ಡ ಸಂಸ್ಥೆಗಳು ಎರಡು ಉತ್ತರ ಕೊಟ್ಟವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾರ್ಚ್‌ನಲ್ಲಿ ಅದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿತು. ನವೆಂಬರ್‌ನಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಅಪಾಯ ಇರಲಾರದು ಎಂದಿತು. ತಜ್ಞರಲ್ಲೇ ಒಮ್ಮತವಿಲ್ಲ ಎಂದು ಹಲವರು ಅಲ್ಲಿಗೇ ಕೈಬಿಟ್ಟರು. ಆದರೆ ಈ ಎರಡೂ ಸಂಸ್ಥೆಗಳು ತೂಗಿದ್ದು ಒಂದೇ ವಸ್ತುವನ್ನಲ್ಲ. ಯುರೋಪಿನವರು ಮುಖ್ಯವಾಗಿ ಶುದ್ಧ ಗ್ಲೈಫೋಸೇಟನ್ನು ನೋಡಿದರು. ಕ್ಯಾನ್ಸರ್ ಸಂಸ್ಥೆ ಅಂಗಡಿಯಲ್ಲಿ ಮಾರುವ ಮಿಶ್ರಣಗಳ ಅಧ್ಯಯನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ರೈತ ಡಬ್ಬಿಯಿಂದ ಸುರಿಯುವುದು ಆ ಮಿಶ್ರಣವನ್ನೇ.

ಈ ವ್ಯತ್ಯಾಸ ಢಾಳಾಗಿ ಕಾಣುವುದು ವಂಶವಾಹಿಗೆ ಆಗುವ ಹಾನಿಯ ವಿಷಯದಲ್ಲಿ. ಅದನ್ನು ಅಳೆಯುವ ಒಂದು ವಿಧಾನವಾದ ಕಾಮೆಟ್ ಪರೀಕ್ಷೆಯಲ್ಲಿ ಜೀವಕೋಶಗಳನ್ನು ಜೆಲ್ಲಿನಲ್ಲಿಟ್ಟು ವಿದ್ಯುತ್ ಹರಿಸುತ್ತಾರೆ. ಡಿಎನ್ಎ ತುಂಡಾಗಿದ್ದರೆ ತುಣುಕುಗಳು ಧೂಮಕೇತುವಿನ ಬಾಲದಂತೆ ಹಿಂದೆ ಚಾಚಿಕೊಳ್ಳುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಕಂಪನಿಗಳೇ ಸಲ್ಲಿಸಿದ್ದ ವಂಶವಾಹಿ ಪರೀಕ್ಷೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 'ಹಾನಿಯಿಲ್ಲ' ಎಂದಿದ್ದರೆ, ಕ್ಯಾನ್ಸರ್ ಸಂಸ್ಥೆ ನೋಡಿದ ಪ್ರಕಟಿತ ಅಧ್ಯಯನಗಳಲ್ಲಿ ಬಹುಪಾಲು 'ಹಾನಿಯಿದೆ' ಎಂದಿದ್ದವು. 2019ರಲ್ಲಿ ಇದನ್ನು ಎಣಿಸಿ ತೋರಿಸಿದ ಚಾರ್ಲ್ಸ್ ಬೆನ್‌ಬ್ರೂಕ್ ಗ್ಲೈಫೋಸೇಟ್ ಮೊಕದ್ದಮೆಗಳಲ್ಲಿ ಫಿರ್ಯಾದಿಗಳ ಪರ ತಜ್ಞರಾಗಿದ್ದವರು, ನಿಜ. ಆದರೆ ಪಟ್ಟಿಗಳು ಬಹಿರಂಗವಾಗಿವೆ, ಯಾರು ಬೇಕಾದರೂ ಎಣಿಸಬಹುದು. ದ್ರಾವಣ ಎಲೆಗೆ ಅಂಟಿ ಒಳಗಿಳಿಯಲೆಂದು ಬೆರೆಸುವ ಪಿಒಇಎ ಎಂಬ ಸಹವಸ್ತುವನ್ನು ಗ್ಲೈಫೋಸೇಟ್ ಮಿಶ್ರಣಗಳಲ್ಲಿ ಬಳಸಕೂಡದೆಂದು ಐರೋಪ್ಯ ಒಕ್ಕೂಟ 2016ರಲ್ಲಿ ನಿಷೇಧಿಸಿತು. ಸಹವಸ್ತು ಲೆಕ್ಕಕ್ಕಿಲ್ಲ ಎನ್ನುವಂತಿದ್ದರೆ ಆ ನಿಷೇಧಕ್ಕೆ ಕಾರಣವೇ ಇರುತ್ತಿರಲಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾದ 54,251 ಪರವಾನಗಿದಾರ ಸಿಂಪಡಕರ ಅಧ್ಯಯನ, ಗ್ಲೈಫೋಸೇಟಿಗೂ ನಾನ್-ಹಾಡ್ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೂ ನಂಟು ಕಾಣಲಿಲ್ಲವೆಂದು 2018ರಲ್ಲಿ ವರದಿ ಮಾಡಿತು. ಅದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಮರುವರ್ಷ ಅದೇ ಅಧ್ಯಯನವನ್ನೂ ಸೇರಿಸಿಕೊಂಡು ಮಾಡಿದ ಒಟ್ಟು ವಿಶ್ಲೇಷಣೆ, ಅತಿ ಹೆಚ್ಚು ಸಂಪರ್ಕಕ್ಕೆ ಬಂದವರಲ್ಲಿ ಅಪಾಯ ಶೇ 41ರಷ್ಟು ಹೆಚ್ಚೆಂದು ಅಂದಾಜಿಸಿತು. ಲಿಂಫೋಮಾ ಅಪರೂಪದ ಕಾಯಿಲೆ, ಆದ್ದರಿಂದ ಒಬ್ಬೊಬ್ಬರ ಮಟ್ಟಿಗೆ ಈ ಏರಿಕೆ ಸಣ್ಣದೇ. ಆದರೆ ಅತಿ ಹೆಚ್ಚು ಸಂಪರ್ಕಕ್ಕೆ ಬರುವವರು ಯಾರು? ಮಲೆನಾಡಿನ ತೋಟದಲ್ಲಿ ಬೆನ್ನಿಗೆ ಪಂಪು ಕಟ್ಟಿ ಕಳೆ ಔಷಧಿ ಹೊಡೆಯುವ ಕೂಲಿಯಾಳಿಗೆ ಮುಚ್ಚಳದಿಂದ ಸೋರಿದ ದ್ರಾವಣ ಅಂಗಿಗಿಳಿಯುತ್ತದೆ. ಆತ ಈಗತಾನೇ ತೋಯಿಸಿದ ಹುಲ್ಲಿನ ಮೇಲೇ ಬರಿಗಾಲಲ್ಲಿ ಮುಂದೆ ಹೋಗುತ್ತಾನೆ. ತರಬೇತಿ ಪಡೆದ ಅಮೆರಿಕದ ಸಿಂಪಡಕರ ಲೆಕ್ಕವನ್ನು ಈತನ ಮೈಗೆ ಹಾಗೆಯೇ ಹೊಂದಿಸಲಾಗದು.

ಕಳೆ ಕೀಳಲು ಆಳು ಸಿಗುವುದಿಲ್ಲ ಎಂಬ ರೈತರ ಮಾತೂ ಸುಳ್ಳಲ್ಲ. ನಾನು ಕೇಳುತ್ತಿರುವುದು ನಿಷೇಧವನ್ನಲ್ಲ. ಗ್ಲೈಫೋಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವೇ ಬಳಸಬೇಕೆಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಮೈಗೆ ಔಷಧಿ ತಾಗುವುದೇ ಅಪಾಯದ ಮೂಲ ಎಂದು ಅದರಿಂದಲೇ ಒಪ್ಪಿಕೊಂಡಂತಾಯಿತು. ಹಾಗಿದ್ದರೆ ಮುಂದಿನ ಕೆಲಸವೂ ಆಗಬೇಕು: ಮಾರುಕಟ್ಟೆಯಲ್ಲಿರುವ ಪ್ರತಿ ಮಿಶ್ರಣದ ವಂಶವಾಹಿ ಪರೀಕ್ಷೆಯನ್ನು ಕಂಪನಿಯ ಹಂಗಿಲ್ಲದ ಪ್ರಯೋಗಾಲಯದಲ್ಲಿ ಮಾಡಿಸಿ ಫಲಿತಾಂಶ ಪ್ರಕಟಿಸಬೇಕು, ಔಷಧಿ ಹೊಡೆಯುವವರ ಮೂತ್ರ ಮತ್ತು ರಕ್ತವನ್ನು ಹಂಗಾಮಿನ ಮೊದಲೂ ನಂತರವೂ ತಪಾಸಣೆ ಮಾಡಬೇಕು, ವರದಿಯನ್ನು ಅವರ ಕೈಗೂ ಕೊಡಬೇಕು.