ಸಂಜೆ ನೀರು ಕುಡಿಯದ ಆಯಿ

ಚಿಮ್ಮಡದಲ್ಲಿರುವ ನಮ್ಮ ಬೀಗರ ಮನೆಯ ಆಯಿ ಸಂಜೆ ಐದರ ಮೇಲೆ ನೀರು ಮುಟ್ಟುವುದಿಲ್ಲ. ಏಪ್ರಿಲ್ ತಿಂಗಳ ಧಗೆಯಲ್ಲೂ ಅಷ್ಟೇ. ಯಾಕೆ ಎಂದು ಕೇಳಿದೆ. “ನೀರ ಕುಡದ್ರ ರಾತ್ರಿ ಏಳಬೇಕಲ್ಲೋ ತಮ್ಮಾ. ಎದ್ರ ಹಿತ್ತಲಕ ಹೋಗಬೇಕು. ಕತ್ತಲಾಗ ಕಾಲ ಜಾರಿದ್ರ ಯಾರ ಎತ್ತತಾರ?” ಅಂದಳು.

ಆ ರಾತ್ರಿ ಅವಳ ಹಾಸಿಗೆಯಿಂದ ಹಿತ್ತಲಿನ ಸಂಡಾಸದವರೆಗೆ ನಾನೇ ನಡೆದು ನೋಡಿದೆ. ಎರಡು ಹೊಸ್ತಿಲು, ಒಂದೊಂದೂ ಅರ್ಧ ಅಡಿ ಎತ್ತರ. ಆಮೇಲೆ ಮೂರು ಪಾವಟಿಗೆ, ಒಂದರಂತೆ ಇನ್ನೊಂದಿಲ್ಲ. ಕೆಳಗೆ ಬಚ್ಚಲದ ನೀರು ಹರಿದು ಪಾಚಿಗಟ್ಟಿದ ಫರಸಿ. ದೀಪದ ಬಟನ್ ಇರುವುದು ಸಂಡಾಸದ ಒಳಗೆ. ಅಂದರೆ ಕತ್ತಲನ್ನೆಲ್ಲ ದಾಟಿದ ಮೇಲೆ ಬೆಳಕು. ಒಂದು ಕೈಯಲ್ಲಿ ತಂಬಿಗೆ ಹಿಡಿದ ಎಂಬತ್ತರ ಮುದುಕಿಗೆ ಊರಿಕೊಳ್ಳಲು ಉಳಿಯುವುದು ಇನ್ನೊಂದೇ ಕೈ. ಆ ಕೈಗೂ ಅಲ್ಲಿ ಏನೂ ಸಿಗುವುದಿಲ್ಲ.

ಹಳೆಯ ಮನೆ ಹೀಗಿರಲಿಲ್ಲ ಎಂದರೆ ಸುಳ್ಳಾದೀತು. ದನ ಕಟ್ಟುವ ಜಾಗದಿಂದ ಪಡಸಾಲೆಗೆ ಹತ್ತುವ ಕಟ್ಟೆಯೇ ಮೊಣಕಾಲೆತ್ತರ ಇರುತ್ತಿತ್ತು. ಆದರೆ ಪಡಸಾಲೆಯಲ್ಲಿ ಕಂಬಗಳಿದ್ದವು. ಮುದುಕರು ಕಂಬದಿಂದ ಕಂಬಕ್ಕೆ ಕೈ ಬದಲಿಸುತ್ತ ಅಡ್ಡಾಡುತ್ತಿದ್ದರು. ಈಗ ಕಂಬ ತೆಗೆದು ಹಾಲ್ ಮಾಡಿದ್ದೇವೆ, ಮುಖ ಕಾಣುವಂಥ ಟೈಲ್ಸ್ ಹಾಕಿಸಿದ್ದೇವೆ. 

2014ರಲ್ಲಿ ಸ್ವಚ್ಛ ಭಾರತ ಶುರುವಾಗಿ, 12 ಸಾವಿರ ರೂಪಾಯಿ ನೆರವಿನಲ್ಲಿ ಹಳ್ಳಿಮನೆಗಳಿಗೂ ಸಂಡಾಸ ಬಂದವು. ಕತ್ತಲಾಗುವುದನ್ನೇ ಕಾಯುತ್ತಿದ್ದ ಹೆಣ್ಣುಮಕ್ಕಳಿಗೆ ಅದು ಎಂಥ ಬಿಡುಗಡೆ ಎಂಬುದನ್ನು ಕಣ್ಣಾರೆ ಕಂಡವನು ನಾನು. ಆದರೆ ಅವನ್ನು ಕಟ್ಟುವಾಗ ನಾವು ಮೊಣಕಾಲು ಮಡಚಲು ಬರುವವರನ್ನಷ್ಟೇ ನೆನೆದೆವು. ಕುಕ್ಕರಗಾಲಲ್ಲಿ ಕೂತವರು ಏಳಲಾಗದೆ ಬೀಳುತ್ತಾರೆ, ಚಪ್ಪಿ ಎಲುಬು ಮುರಿಯುತ್ತದೆ, ಹಾಸಿಗೆ ಹಿಡಿಯುತ್ತಾರೆ. ಆಮೇಲೆ “ವಯಸ್ಸಾಗಿತ್ತು” ಅನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

“ಸುಮ್ನ ಒಂದ ಕಡೆ ಕುಂದ್ರಬೇ” ಎಂದು ಗದರುವುದು ನಮಗೆ ಸುಲಭ. ಕುಂತು ಕುಂತು ಕಾಲಿನ ಶಕ್ತಿ ಉಡುಗಿದ ಮೇಲೆ ಬೀಳುವ ಭಯ ಇನ್ನೂ ಹೆಚ್ಚು. ತಿದ್ದಬೇಕಾದದ್ದು ಆಯಿಯನ್ನಲ್ಲ, ಆ ದಾರಿಯನ್ನು. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ರಾತ್ರಿಯಿಡೀ ಒಂದು ಜೀರೋ ಬಲ್ಬ್ ಉರಿಸಲು ಬಹಳ ಮನೆಗಳಲ್ಲಿ ಬಿಲ್ಲಿನ ಚಿಂತೆಯೂ ಇಲ್ಲ. ಕೂತು ಏಳಲು ಗುಂಡಿಯ ಮೇಲಿಡುವ ಕಮೋಡ್ ಕುರ್ಚಿ ಸಿಗುತ್ತದೆ. ಬಡವರಿಗಾದರೆ 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡಿಗೆ, ವಾಕರ್ ಪುಕ್ಕಟೆ ಕೊಡುತ್ತಾರೆ.

ಪಾವಟಿಗೆಯ ಬದಲು ಇಳಿಜಾರು ಮಾಡಿಸುವವರು ಮಾತ್ರ ಲೆಕ್ಕ ತಪ್ಪಬಾರದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಜಾಗವಿಲ್ಲವೆಂದು ಮೂರೇ ಅಡಿಯಲ್ಲಿ ಮುಗಿಸಿದರೆ ಅದು ಜಾರುಬಂಡೆ. ಅದಕ್ಕಿಂತ ತಗ್ಗಾದ, ಸಮನಾದ ಪಾವಟಿಗೆಗಳೇ ವಾಸಿ, ಪಕ್ಕಕ್ಕೆ ಹಿಡಿಕೆ ಇರಲಿ.

ಬೀಗರು ಹೋದ ವಾರ ಗೌಂಡಿಯನ್ನು ಕರೆಸಿದರು. ಪಾವಟಿಗೆ ಸಮ ಮಾಡಿ, ಬಟನ್ ಆಯಿಯ ತಲೆದಿಂಬಿನ ಹತ್ತಿರ ತಂದರು. ಸಂಡಾಸದ ಗೋಡೆಗೆ ಪೈಪು ಹೂಡಲು ಗೌಂಡಿ ತನ್ನ ಎದೆಮಟ್ಟಕ್ಕೆ ಗುರುತು ಹಾಕಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆಯಿ ಒಳಗೆ ಬಂದು ಗೋಡೆಗೆ ಕೈಯಿಟ್ಟು ತೋರಿಸಿದಳು. “ಇಲ್ಲಿ ಹಾಕೋ. ಹಿಡಕೊಳ್ಳಾಕಿ ನಾನು.”