ಮೊನೆ ಮುರಿದ ಚಾಕು ಗುಜರಿಗಲ್ಲ

ಹಳೆಯ ಮಡಿಚಾಕುವಿನ ಮೊನೆ ಮುರಿದರೆ ಅದನ್ನು ಗುಜರಿಗೆ ಹಾಕಬಾರದು, ಗಾಜಿನ ಕಪಾಟಿನಲ್ಲಿಟ್ಟು ನೋಡುತ್ತ ಕೂರಲೂಬಾರದು. ಉಳಿದ ಅಲಗಿಗೆ ಹೊಸ ಆಕಾರ ಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚಬೇಕು. ಫಿಟ್ಟರ್ ಕೆಲಸದಿಂದ ನಿವೃತ್ತನಾಗಿ, ರೋಣದ ನನ್ನ ಮನೆಯ ಪಡಸಾಲೆಯಲ್ಲಿ ಊರವರ ಚಾಕು, ಕತ್ತರಿ, ಈಳಿಗೆ ಮಸೆದುಕೊಡುವ ನಾನು ಇದನ್ನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮ ಸೀಮೆಯಲ್ಲಿ ಮಡಿಚಾಕು ಯಾವತ್ತೂ ಶೋಕಿಯ ವಸ್ತುವಾಗಿರಲಿಲ್ಲ. ನರಗುಂದದ ಎರಿ ಹೊಲದಲ್ಲಿ ಹತ್ತಿ ಅಂಡಿಗೆಯ ದಾರ ಕೊಯ್ಯಲು, ರೋಣದ ಕಡೆ ಉಳ್ಳಾಗಡ್ಡಿ ಚೀಲದ ಬಾಯಿ ಬಿಚ್ಚಲು, ಗಜೇಂದ್ರಗಡದ ಗುಡ್ಡದಲ್ಲಿ ಕುರಿಯ ಗೊರಸು ಹೆರೆಯಲು ಅದೇ ಕಿಸೆಯ ಚಾಕು ಹೊರಗೆ ಬರುತ್ತಿತ್ತು.

ಈಚೆಗೆ ಗಜೇಂದ್ರಗಡ ಕಡೆಯ ಕುರಿಗಾರರೊಬ್ಬರು ತಮ್ಮ ಅಜ್ಜನ ಚಾಕು ತಂದಿದ್ದರು. ಕೊಂಬಿನ ಹಿಡಿ, ಹಿತ್ತಾಳೆಯ ಮೊಳೆ. ಯಾರೋ ಡಬ್ಬಿಯ ಮುಚ್ಚಳ ಮೀಟಲು ಹೋಗಿ ಮೊನೆ ಮುರಿದಿದ್ದರು. ಜಂಗು ಹಿಡಿದು ಅಲಗು ತೆರೆಯುತ್ತಲೇ ಇರಲಿಲ್ಲ.

“ಮೊದಲಿನಂಗ ಆಗ್ತೈತೇನ್ರಿ ಮಾಸ್ತರ?”

“ಮೊದಲಿನಂಗ ಆಗೂದಿಲ್ರಿ. ಆದ್ರ ನಿಮ್ಮ ಮಗನ ಕಾಲಕ್ಕೂ ಬರ್ತೈತಿ.”

ಜಂಗು ಹಿಡಿದ ಕೀಲಿಗೆ ಸುತ್ತಿಗೆ ತಾಗಿಸಬಾರದು. ಸೀಮೆಎಣ್ಣೆ ಹನಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಕೆಂಪು ಜಂಗನ್ನು ತಿಕ್ಕಿ ತೆಗೆಯಬೇಕು; ವರ್ಷಗಟ್ಟಲೆ ಬಳಸಿ ಬಂದ ಕಪ್ಪು ಛಾಯೆಯನ್ನು ಹಾಗೇ ಬಿಡಬೇಕು, ಅದು ಉಕ್ಕಿಗೆ ಕೇಡು ಮಾಡುವುದಿಲ್ಲ. ಮುರಿದ ಮೊನೆಯನ್ನು ಬಾಯಿಯ ಕಡೆಯಿಂದಲ್ಲ, ಬೆನ್ನಿನ ಕಡೆಯಿಂದ ಸವೆಸಿ ಇಳಿಸಬೇಕು. ಹಾಗೆ ಮಾಡಿದರೆ ಬಾಯಿಯ ಉದ್ದ ಉಳಿಯುತ್ತದೆ, ಮಡಚಿದಾಗ ಹೊಸ ಮೊನೆ ಹಿಡಿಯ ಒಳಗೇ ಕೂರುತ್ತದೆ. ಬಾಯಿಯ ಕಡೆಯಿಂದ ಸವೆಸಿದರೆ ಮೊನೆ ಮೇಲೆದ್ದು, ಕಿಸೆಗೆ ಕೈ ಹಾಕಿದವನ ಬೆರಳು ಕೊಯ್ಯುತ್ತದೆ.

ಅವಸರದ ಕೈಗಳು ಹಳೆಯ ಅಲಗನ್ನು ಕೆಡಿಸುವುದು ಕರೆಂಟಿನ ಸಾಣೆಯಲ್ಲಿ. ಕಿಡಿ ಹಾರಿಸುತ್ತ ಒತ್ತಿ ಹಿಡಿದರೆ ತೆಳುವಾದ ಮೊನೆ ಕ್ಷಣದಲ್ಲಿ ಕಾಯುತ್ತದೆ. ಸುಮಾರು 230 ಡಿಗ್ರಿಗೆ ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹೊತ್ತಿಗೆ ನೀಲಿಯಾಗುತ್ತದೆ. ನೀಲಿ ಬಂತೆಂದರೆ ಹದ ಹೋಯಿತು. ಅಲ್ಲಿ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನೀರು ಹಾಕುತ್ತ ಕಲ್ಲಿನ ಮೇಲೆ ಕೈಯಿಂದ ಸವೆಸುವುದು ನಿಧಾನ ನಿಜ, ಆದರೆ ಹಿಂದಿನ ಕಮ್ಮಾರ ಕೊಟ್ಟ ಹದವನ್ನು ಕಾಯುವ ದಾರಿ ಅದೇ.

ಹಳೆಯ ವಸ್ತುಗಳನ್ನು ಕೂಡಿಡುವವರು, ಅಲಗು ಸವೆಸಿದರೆ ಅದರ ಬೆಲೆ ಹೋಯಿತು ಎನ್ನುತ್ತಾರೆ. ಅಪರೂಪದ ಐತಿಹಾಸಿಕ ಅಲಗಿನ ವಿಷಯದಲ್ಲಿ ಅವರ ಮಾತನ್ನು ಒಪ್ಪುತ್ತೇನೆ, ಅದನ್ನು ಮುಟ್ಟಬಾರದು. ಕುರಿಗಾರನ ಚಾಕು ಹುಟ್ಟಿದ್ದು ಕೊಯ್ಯಲು, ಅದರ ಬೆಲೆ ಕೊಯ್ಯುವುದರಲ್ಲೇ ಇದೆ. ಇನ್ನು ಕೆಲವರು, ಸಂತೆಯಲ್ಲಿ ಅಗ್ಗಕ್ಕೆ ಹೊಸದು ಸಿಗುವಾಗ ಈ ಕಷ್ಟ ಯಾಕೆ ಎನ್ನುತ್ತಾರೆ. ಆ ಅಗ್ಗದ ಚಾಕುಗಳು ನನ್ನ ಪಡಸಾಲೆಗೂ ಬರುತ್ತವೆ. ಮೆತ್ತಗಿನ ತಗಡು, ಮಸೆದ ಬಾಯಿ ವಾರದಲ್ಲೇ ಮೊಂಡಾಗುತ್ತದೆ.

ನನ್ನ ಚಿಂತೆ ಚಾಕುವಿಗಿಂತ ಕೈಯದು. ಹಿಂದೆ ಊರ ಕಮ್ಮಾರ ಕುಳ, ಕುಡಗೋಲು ಹಣಿದುಕೊಡುತ್ತಿದ್ದ, ರೈತ ಸುಗ್ಗಿಯಲ್ಲಿ ಆಯದ ಕಾಳು ಅಳೆಯುತ್ತಿದ್ದ. ಟ್ರ್ಯಾಕ್ಟರ್ ಬಂದ ಮೇಲೆ ಕುಳ ಹಣಿಸುವುದು ಕಡಿಮೆಯಾಯಿತು, ಆಯ ನಿಂತಿತು, ಮಕ್ಕಳು ಬೇರೆ ಕೆಲಸ ಹಿಡಿದರು. ಬೆಂಕಿಯ ಬಣ್ಣ ನೋಡಿ ಉಕ್ಕಿನ ಹದ ಹೇಳುವ ಕಣ್ಣು ಒಂದು ತಲೆಮಾರಿಗೆ ತಪ್ಪಿದರೆ ಮತ್ತೆ ಬೆಳೆಸುವುದು ಬಹಳ ಕಷ್ಟ.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಜಾಲತಾಣ ತೆರೆಯಿತು. ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ: ಉಪಕರಣಕ್ಕೆ 15,000 ರೂಪಾಯಿ ನೆರವು, ಮೊದಲ ಹಂತದಲ್ಲಿ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ. ಎರಡೂ ಒಳ್ಳೆಯ ಹೆಜ್ಜೆಗಳು. ಆದರೆ ದುರಸ್ತಿಯ ಹಕ್ಕಿದ್ದು ದುರಸ್ತಿ ಮಾಡುವ ಕೈ ಇಲ್ಲದಿದ್ದರೆ ಏನು ಬಂತು? ತರಬೇತಿಯಲ್ಲಿ ಹೊಸದನ್ನು ಮಾಡುವುದಕ್ಕೆ ಕೊಟ್ಟಷ್ಟೇ ಜಾಗ ಹಳೆಯದನ್ನು ಹದಗೆಡಿಸದೆ ತಿದ್ದುವುದಕ್ಕೂ ಸಿಗಬೇಕು. ರೋಣ, ನರಗುಂದ, ಗಜೇಂದ್ರಗಡದ ಸಂತೆಗಳಲ್ಲಿ ಕಮ್ಮಾರರಿಗೂ ಸಾಣೆಯವರಿಗೂ ನೆರಳಿರುವ ಖಾಯಂ ಜಾಗವನ್ನು ಪುರಸಭೆಗಳು ಕೊಡಬೇಕು, ಅವರಿಂದ ಸಂತೆ ಕರ ತೆಗೆದುಕೊಳ್ಳಬಾರದು.

ನಾವು ಮಾಡಬೇಕಾದದ್ದೂ ಇದೆ. ಖಂಡೇಪೂಜೆಗೆ ಚಾಕು, ಕುಡಗೋಲು ತೊಳೆದು ಕುಂಕುಮ ಹಚ್ಚುತ್ತೇವೆ. ಈ ಸಲ ಅದಕ್ಕೂ ಮೊದಲು ಮನೆಯ ಮೊಂಡು, ಮುರುಕು ಅಲಗುಗಳನ್ನೆಲ್ಲ ಹುಡುಕಿ ತೆಗೆದು ಕಮ್ಮಾರನ ಹತ್ತಿರ ಒಯ್ಯೋಣ. ಅರ್ಧ ದಿನದ ಕೆಲಸಕ್ಕೆ ಅರ್ಧ ದಿನದ ಕೂಲಿ ಕೊಡೋಣ, ಚೌಕಾಶಿ ಬೇಡ. ಮಗನನ್ನು ಈ ಕಸುಬಿನಲ್ಲಿ ಕೂರಿಸಬೇಕೋ ಬೇಡವೋ ಎಂದು ಕಮ್ಮಾರ ತೀರ್ಮಾನಿಸುವುದು ನಾವು ಕೊಡುವ ಆ ಕೂಲಿಯನ್ನು ನೋಡಿಯೇ.