ಅರ್ಧ ಪಟ್ಟಿ ಮಾತ್ರೆ

ನಮ್ಮ ಕಾಲೇಜಿನ ಎರಡನೆಯ ಬಿ.ಎ. ತರಗತಿಯ ಹುಡುಗನೊಬ್ಬ ಕಳೆದ ವರ್ಷ ತೀರಿಕೊಂಡ. ಲ್ಯುಕೇಮಿಯಾ, ಎಂದರೆ ರಕ್ತದ ಕ್ಯಾನ್ಸರು. ನಾವೆಲ್ಲ ಸಭೆ ಸೇರಿ ಎರಡು ನಿಮಿಷ ಎದ್ದು ನಿಂತೆವು. ಪ್ರಿನ್ಸಿಪಾಲರು ಕ್ರೂರವ್ಯಾಧಿ ಎಂದರು. ನಾನೂ ಎರಡು ಮಾತನಾಡಿ ವಿಧಿಯನ್ನು ಬೈದೆ. ಹದಿನೈದು ದಿನದ ಮೇಲೆ ಯಾವುದೋ ದಾಖಲೆಗಾಗಿ ಬಂದ ಹುಡುಗನ ತಂದೆ, ಅಧ್ಯಾಪಕರ ಕೊಠಡಿಯಲ್ಲಿ ನನ್ನ ಎದುರಿಗೆ ಕುಳಿತು ಕೇಳಿದರು: “ಕ್ಯಾನ್ಸರು ಹೋಗಿತ್ತಲ್ಲ ಸ್ವಾಮಿ, ಮತ್ತೆ ಯಾತರಿಂದ ಸತ್ತ?”

ಮೂಳೆಯ ಮಜ್ಜೆಯಲ್ಲಿ ರೋಗದ ಕಣಗಳು ಕಾಣುತ್ತಿಲ್ಲವೆಂದು ವೈದ್ಯರು ಹೇಳಿದ್ದರಂತೆ. ಎರಡನೆಯ ಸುತ್ತಿನ ಔಷಧ ನಡೆಯುತ್ತಿದ್ದಾಗ ಜ್ವರ ಬಂತು. ಐದನೆಯ ದಿನ ಹುಡುಗ ಹೋದ. ಅವರು ಕೈಚೀಲದಿಂದ ತೆಗೆದ ಕಾಗದಗಳು ಕನ್ನಡ ಪಾಠ ಹೇಳುವ ನನಗೆ ಎಲ್ಲಿ ಅರ್ಥವಾಗಬೇಕು? ಆದರೂ ಒಂದು ಹಾಳೆ ಅರ್ಥವಾಗುವಂತಿತ್ತು. ಎಡಗಡೆ ಔಷಧಗಳ ಹೆಸರು. ಬಲಗಡೆ ಒಂದೊಂದು ಅಕ್ಷರ. ಮೇಲಿನಿಂದ ಕೆಳಗೆ ಆರ್, ಆರ್, ಆರ್. ರೆಸಿಸ್ಟೆಂಟ್, ಎಂದರೆ ಈ ಔಷಧಕ್ಕೆ ಈ ಕ್ರಿಮಿ ಜಗ್ಗುವುದಿಲ್ಲ. ಕ್ರಿಮಿಯ ಹೆಸರು ಕ್ಲೆಬ್ಸಿಯೆಲ್ಲಾ. ಕೊನೆಯ ಸಾಲಿನ ಕೋಲಿಸ್ಟಿನ್ ಎಂಬುದೊಂದರ ಮುಂದೆ ಮಾತ್ರ ಬೇರೆ ಅಕ್ಷರ. ಮೂತ್ರಪಿಂಡಕ್ಕೆ ಕೆಡುಕೆಂದು ಹಿಂದೊಮ್ಮೆ ವೈದ್ಯರೇ ಮೂಲೆಗೆ ಎಸೆದಿದ್ದ ಹಳೆಯ ಔಷಧ ಅದು. ಬೇರೆ ಗತಿಯಿಲ್ಲದೆ ಈಗ ಮತ್ತೆ ಹೊರಗೆ ತೆಗೆದಿದ್ದಾರೆ.

ಅಂದಿನಿಂದ ಬಲ್ಲವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತೇನೆ. ಲ್ಯುಕೇಮಿಯಾಕ್ಕೆ ಕೊಡುವ ಔಷಧ ಬೇಗ ಬೇಗ ಬೆಳೆಯುವ ಕಣಗಳನ್ನೆಲ್ಲ ಕೊಲ್ಲುತ್ತದೆ. ಅದಕ್ಕೆ ತನ್ನವರು ಹೆರವರು ಎಂಬ ಭೇದವಿಲ್ಲ. ಕ್ರಿಮಿಗಳನ್ನು ನುಂಗಿ ನಮ್ಮನ್ನು ಕಾಯುವ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳೂ ರೋಗದ ಕಣಗಳೊಡನೆ ಕಡಮೆಯಾಗುತ್ತವೆ. ಆರೋಗ್ಯವಂತನ ರಕ್ತದ ಒಂದು ಮೈಕ್ರೊಲೀಟರಿನಲ್ಲಿ ಇವು ಸಾವಿರಗಟ್ಟಲೆ ಇರಬೇಕು. 500ಕ್ಕಿಂತ ಕೆಳಗಿಳಿದರೆ ಗಂಡಾಂತರ. ಇತ್ತ ಕರುಳಿನ ಒಳಪೊರೆಯೂ ಹುಣ್ಣಾಗಿ, ಅಷ್ಟು ಕಾಲ ಅಲ್ಲಿ ತೆಪ್ಪಗಿದ್ದ ಕ್ರಿಮಿ ಆ ಸಂದಿನಿಂದ ರಕ್ತಕ್ಕೆ ಇಳಿಯುತ್ತದೆ. ಕೀವು ಕಟ್ಟುವುದಕ್ಕೂ ಬಿಳಿಯ ಕಣ ಬೇಕಲ್ಲವೆ? ಆದ್ದರಿಂದ ಎಷ್ಟೋ ಸಲ ಕೀವಿಲ್ಲ, ಬಾವಿಲ್ಲ, ಜ್ವರವೊಂದೇ ಕುರುಹು. ಆ ಜ್ವರ ಕಂಡ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು. ಯಾವ ಕ್ರಿಮಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಪರೀಕ್ಷೆ ಹೇಳುವುದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಆ ಉತ್ತರಕ್ಕಾಗಿ ಕಾಯುತ್ತಿದ್ದ ಕಾಲದಲ್ಲಿ ರೋಗಿಗಳು ಕಾಯುತ್ತಲೇ ಸಾಯುತ್ತಿದ್ದರು. ಕಾಯದೆ ಕೊಟ್ಟರೆ ಅನೇಕರನ್ನು ಉಳಿಸಬಹುದೆಂದು ಬಾಲ್ಟಿಮೋರಿನ ವೈದ್ಯರು 1971ರಲ್ಲಿ ತೋರಿಸಿಕೊಟ್ಟರು. ಅಂದಾಜಿನಿಂದ ಕೊಟ್ಟ ಔಷಧ ಬಹುಮಟ್ಟಿಗೆ ನಾಟುತ್ತದೆ ಎಂಬ ಭರವಸೆಯ ಮೇಲೆ ನಿಂತ ಉಪಾಯ ಅದು. ನಾಟದೆ ಹೋದರೆ ರೋಗಿ 1971ರ ಹಿಂದಕ್ಕೆ ಹೋಗಿ ಬೀಳುತ್ತಾನೆ.

ಇಲ್ಲಿ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯ ಸಂಶೋಧನೆಗೆ ಮುಖ್ಯಸ್ಥರಾಗಿದ್ದರು. ಅವರ ತಂಡ ಸಿದ್ಧಮಾಡಿದ ಅಮಿನಾಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾದ ಮಕ್ಕಳಿಗೆ ಕೊಟ್ಟು, ರೋಗ ಕೆಲಕಾಲವಾದರೂ ಹಿಮ್ಮೆಟ್ಟಿದ್ದನ್ನು 1948ರಲ್ಲಿ ಪ್ರಕಟಿಸಿದರು. ಅದೇ ಪ್ರಯೋಗಶಾಲೆಯಿಂದ, ಅದೇ 1948ರಲ್ಲಿ, ಡಗ್ಗರ್ ಎಂಬ ವೃದ್ಧ ವಿಜ್ಞಾನಿ ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ಕನ್ನು ಲೋಕಕ್ಕೆ ತೋರಿಸಿದರು. ಆ ವರ್ಷವೇ ಸುಬ್ಬರಾಯರು ತೀರಿಕೊಂಡರು. ಕ್ಯಾನ್ಸರಿನ ಮದ್ದು, ಕ್ರಿಮಿಯ ಮದ್ದು ಎರಡೂ ಒಂದೇ ಸೂರಿನಡಿ ಬೆಳೆದ ಅಣ್ಣ ತಮ್ಮಂದಿರು. ತಮ್ಮನ ಕೈ ಮುರಿದು ಹಾಕಿ ಅಣ್ಣನಿಂದ ಮಾತ್ರ ಪವಾಡ ನಿರೀಕ್ಷಿಸುವ ಕೆಲಸಕ್ಕೆ ನಾವು ಹೊರಟಿದ್ದೇವೆ.

“ನಾವು” ಎಂದದ್ದಕ್ಕೆ ಕೆಲವರು ಹುಬ್ಬು ಗಂಟಿಕ್ಕಬಹುದು. ಅದು ಆಸ್ಪತ್ರೆಯ ಕ್ರಿಮಿ. ಅಲ್ಲಿನವರು ಕೈ ತೊಳೆಯುವುದಿಲ್ಲ. ನಮ್ಮ ನೆಗಡಿಗೂ ಅದಕ್ಕೂ ಏನು ನಂಟು? ಆಸ್ಪತ್ರೆಗಳಲ್ಲಿ ತಪ್ಪಿಲ್ಲವೆಂದು ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಜಗ್ಗದ ಕ್ರಿಮಿಯನ್ನು ಕರುಳಿನಲ್ಲಿ ಹೊತ್ತುಕೊಂಡೇ ಆಸ್ಪತ್ರೆಯ ಮೆಟ್ಟಿಲೇರುವ ರೋಗಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದು ಬಂದದ್ದು ಊರಿನಿಂದ: ನೀರಿನಿಂದ, ಅನ್ನದಿಂದ, ನಮ್ಮ ನಿಮ್ಮ ಕೈಗಳಿಂದ. ಗಂಟಲು ಕೆರೆಯಿತೆಂದು ನಾವು ಸೆಫಿಕ್ಸಿಮ್ ನುಂಗುತ್ತೇವೆ. ನೆಗಡಿಯ ವೈರಸ್ಸಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಕರುಳಿನ ಸಾಧು ಕ್ರಿಮಿಗಳು ಸಾಯುತ್ತವೆ, ಆ ಮದ್ದನ್ನು ಮುರಿಯಬಲ್ಲವು ಉಳಿದು ಹೆಚ್ಚುತ್ತವೆ. ಮುರಿಯುವ ಆ ವಿದ್ಯೆ ಒಂದು ಜಾತಿಯ ಕ್ರಿಮಿಯಿಂದ ಇನ್ನೊಂದು ಜಾತಿಗೂ ದಾಟುತ್ತದೆ. ಕ್ರಿಮಿಗಳಲ್ಲಿ ಕೊಟ್ಟುಕೊಳ್ಳುವುದಕ್ಕೆ ಗೋತ್ರ ಕೇಳುವವರಿಲ್ಲ. ಸೆಫಿಕ್ಸಿಮಿನ ವರ್ಗವೆಲ್ಲ ಹೀಗೆ ಮೊಂಡಾದಾಗ ವೈದ್ಯರು ಮೆರೊಪೆನೆಮ್ ಹಿಡಿಯುತ್ತಾರೆ. ಅದೂ ಮೊಂಡಾದಾಗ ಉಳಿಯುವುದು ಆ ಹಾಳೆಯ ಕೊನೆಯ ಸಾಲು.

ಮೆರೊಪೆನೆಮನ್ನೂ ಮುರಿಯುವ ಇಂಥ ಒಂದು ವಿದ್ಯೆಗೆ 2009ರಲ್ಲಿ ನಮ್ಮ ರಾಜಧಾನಿಯ ಹೆಸರನ್ನೇ ಸೇರಿಸಿ ಎನ್.ಡಿ.ಎಂ. ಎಂದು ಕರೆದರು. 2010ರಲ್ಲಿ ಲ್ಯಾನ್ಸೆಟ್ ಗುಂಪಿನ ಪತ್ರಿಕೆಯಲ್ಲಿ ಅದರ ವಿಚಾರವಾಗಿ ಲೇಖನ ಬಂದಾಗ ದೇಶಾಭಿಮಾನಿಗಳು ಬೊಬ್ಬೆಯಿಟ್ಟರು. ಹೆಸರಿಡುವುದರಲ್ಲಿ ಔಚಿತ್ಯ ತಪ್ಪಿತೆಂಬುದನ್ನು ಭಾಷೆಯ ಮೇಷ್ಟರಾದ ನಾನು ಎಲ್ಲರಿಗಿಂತ ಮೊದಲು ಒಪ್ಪುತ್ತೇನೆ. ಆದರೆ ಹೆಸರಿಗೆ ನೊಂದಷ್ಟು ನಾವು ಕ್ರಿಮಿಗೆ ನೊಂದೆವೇ?

ಕಾನೂನು ಇಲ್ಲವೆನ್ನುವ ಹಾಗಿಲ್ಲ. 2014ರ ಮಾರ್ಚಿಯಿಂದ ಎಚ್-1 ಎಂಬ ಪಟ್ಟಿ ಜಾರಿಯಲ್ಲಿದೆ, ಸೆಫಿಕ್ಸಿಮ್ ಅದರಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದು. ರೋಗಿಯ ಹೆಸರು, ವೈದ್ಯರ ಹೆಸರು ಬರೆದ ಪುಸ್ತಕವನ್ನು ಅಂಗಡಿಯವರು ಮೂರು ವರ್ಷ ಇಟ್ಟಿರಬೇಕು. ಕೋಳಿಗಳಿಗೆ ಕೋಲಿಸ್ಟಿನ್ ತಿನ್ನಿಸುವುದನ್ನೂ 2019ರಲ್ಲಿ ನಿಷೇಧಿಸಿದರು. ನೆರೆಯ ಕೇರಳದವರು 2024ರಲ್ಲಿ, ಚೀಟಿಯಿಲ್ಲದೆ ಮಾರುವ ಅಂಗಡಿಗಳನ್ನು ಹಿಡಿಯುವುದಕ್ಕೆ ತನಿಖೆಯನ್ನೇ ಆರಂಭಿಸಿದರು. ನಮ್ಮ ಬೀದಿಯ ಅಂಗಡಿಗೆ ಹೋಗಿ “ಸ್ವಲ್ಪ ಸ್ಟ್ರಾಂಗಾಗಿ ಏನಾದರೂ ಕೊಡಿ” ಎನ್ನಿ. ಚೀಟಿ ಕೇಳಿದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ಇದಕ್ಕೆ ಬರುವ ಒಂದು ಆಕ್ಷೇಪವನ್ನು ಮಾತ್ರ ನಾನು ಗೌರವದಿಂದ ಕೇಳುತ್ತೇನೆ. ವೈದ್ಯರೇ ಇಲ್ಲದ ಹಳ್ಳಿಯಲ್ಲಿ ಮಗುವಿಗೆ ನ್ಯುಮೋನಿಯ ಬಂದರೆ ತಾಯಿ ಚೀಟಿಯನ್ನು ಎಲ್ಲಿಂದ ತರಬೇಕು? ಔಷಧ ಹೆಚ್ಚಾಗಿ ಸಾಯುವವರಂತೆ ಔಷಧ ಸಿಗದೆ ಸಾಯುವವರೂ ಈ ದೇಶದಲ್ಲಿದ್ದಾರೆ. ಆಕೆಗೆ ಅಂಗಡಿಯ ಬಾಗಿಲು ಮುಚ್ಚುವ ಮೊದಲು ಸರಕಾರ ವೈದ್ಯರನ್ನು ಕಳಿಸಲಿ. ಆದರೆ ಆ ತಾಯಿಯ ಸೆರಗಿನ ಮರೆಯಲ್ಲಿ ಅಡಗುವ ಹಕ್ಕು ಮಲ್ಲೇಶ್ವರದ, ಸರಸ್ವತೀಪುರದ ನಮಗೆ ಇಲ್ಲ. ನಮ್ಮ ಬೀದಿಗೆ ಮೂವರು ಡಾಕ್ಟರಿದ್ದಾರೆ. ಇನ್ನೂರು ಮುನ್ನೂರು ರೂಪಾಯಿ ಫೀಸು ಉಳಿಸುವುದಕ್ಕೂ, ನಾಳೆ ರಜಾ ಹಾಕದೆ ಕಚೇರಿಗೆ ಹೋಗುವುದಕ್ಕೂ ನಾವು ಇದನ್ನು ಮಾಡುತ್ತೇವೆ. ಡಾಕ್ಟರು ಆಂಟಿಬಯಾಟಿಕ್ ಬರೆಯದಿದ್ದರೆ “ಏನೂ ಕೊಡಲಿಲ್ಲ” ಎಂದು ಮೂಗು ಮುರಿದು ಇನ್ನೊಬ್ಬರಲ್ಲಿಗೆ ಹೋಗುವವರೂ ನಾವೇ. ಆ ಭಯಕ್ಕೆ ಬರೆದುಕೊಡುವ ಡಾಕ್ಟರುಗಳೂ ಇದ್ದಾರೆ. ಅವರನ್ನು ಇನ್ನೊಂದು ವಾರ ವಿಚಾರಿಸಿಕೊಳ್ಳೋಣ.

ಆರೋಗ್ಯವಂತನಿಗೆ ಔಷಧ ನಾಟದಿದ್ದರೂ ಮೈಯಲ್ಲಿ ಒಂದಿಷ್ಟು ಪಡೆಯಿರುತ್ತದೆ; ಹೇಗೋ ಬದುಕಿಕೊಳ್ಳಬಹುದು. ಬಿಳಿಯ ಕಣಗಳು ಬರಿದಾದವನಿಗೆ ಔಷಧವೇ ಪಡೆ. ನಾವು ಮಾಡಿದ ದುಂದಿನ ಲೆಕ್ಕ ಮೊದಲು ಅವನ ಹಾಸಿಗೆಗೆ ಹೋಗಿ ಸೇರುತ್ತದೆ. ಸಂತಾಪ ಸಭೆಯಲ್ಲಿ ನಾವು ಕ್ಯಾನ್ಸರ್ ಎನ್ನುತ್ತೇವೆ. ಹುಡುಗನ ತಂದೆಗೆ ಅಂದು ನಾನು ಸರಿಯಾದ ಉತ್ತರ ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ ಎಂಬುದು ಅರ್ಧ ಮಾತ್ರ ನಿಜ. ಆ ಹಾಳೆಯಲ್ಲಿ ಆರ್ ಎಂದಿದ್ದ ಹೆಸರುಗಳಲ್ಲಿ ಒಂದರ ಸೋದರಸಂಬಂಧಿ ನನ್ನ ಮೇಜಿನ ಖಾನೆಯಲ್ಲೇ ಇತ್ತು: ಚೀಟಿಯಿಲ್ಲದೆ ತಂದ ಸೆಫಿಕ್ಸಿಮಿನ ಪಟ್ಟಿ. ನೆಗಡಿ ತಾನಾಗಿ ಇಳಿದ ಮೇಲೆ ಬಿಟ್ಟಿದ್ದ ಐದು ಮಾತ್ರೆ.

ಮಾರನೆಯ ದಿನ ಅದನ್ನು ಅಂಗಡಿಗೆ ಹಿಂದಕ್ಕೆ ಕೊಡಲು ಹೋದೆ. ಅಂಗಡಿಯಾತ ಒಳ್ಳೆಯವನು, ನನ್ನ ಹಳೆಯ ವಿದ್ಯಾರ್ಥಿಯೇ. ನಕ್ಕು ಹೇಳಿದ: “ಕತ್ತರಿಸಿದ್ದನ್ನು ವಾಪಸು ತಗೊಳ್ಳೋದಿಲ್ಲ ಸಾರ್. ಇಟ್ಟುಕೊಂಡಿರಿ, ಮನೇಲಿ ಯಾರಿಗಾದರೂ ಆಗುತ್ತೆ.”